ಹದಿನಾರರಲ್ಲಿ ನಾಲ್ಕು ಪುಟ

ಮಾವಶಿಯ ಬಲಗೈ ಹೆಬ್ಬೆರಳಿನ ಉಗುರು ಹೊಳೆಯುತ್ತಿತ್ತು. ಬಣ್ಣ ಹಚ್ಚಿದ ಹೊಳಪಲ್ಲ. ಮೂವತ್ತು ವರ್ಷ ಕಾಗದದ ಮಡಿಕೆಗಳ ಮೇಲೆ ಎಳೆದೆಳೆದು ಅದು ಸವೆದು, ಚಪ್ಪಟೆಯಾಗಿ, ಹೊಳೆಯ ಕಲ್ಲಿನಷ್ಟು ನುಣುಪಾಗಿತ್ತು. ಉಳಿದ ಒಂಬತ್ತು ಉಗುರುಗಳು ಕೆಲಸ ಮಾಡುವ ಹೆಂಗಸರ ಉಗುರುಗಳಂತೆಯೇ ಒರಟಾಗಿದ್ದವು. ಅದೊಂದನ್ನು ಮಾತ್ರ ಬೇರೆ ಯಾರದೋ ಕೈಯಿಂದ ತಂದು ಕೂಡಿಸಿದಂತಿತ್ತು. ಕಿಟಕಿಯ ಬೆಳಕಿಗೆ ಅದು ಮಿಂಚಿ ಆರುವುದು, ಮತ್ತೆ ಮಿಂಚುವುದು. ಒಂದು ಹಾಳೆಗೆ ಮೂರು ಮಡಿಕೆ, ಹಾಗಾಗಿ ಒಂದು ಹಾಳೆಗೆ ಮೂರು ಮಿಂಚು.

ಸೊಲ್ಲಾಪುರ ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯೊಂದರಲ್ಲಿ, ಟ್ರೇಲರ್‌ಗಳಿಗೆ ಬೆಸುಗೆ ಹಾಕುವ ವರ್ಕ್‌ಶಾಪಿನ ಪಕ್ಕ ಆ ಬೈಂಡಿಂಗ್ ಅಂಗಡಿ. ಮಾವಶಿ ದಿನಾ ತಿಕೋಟಾದಿಂದ ಬಸ್ಸಿಗೆ ಬಂದು ಅಲ್ಲಿ ಹಾಳೆ ಮಡಚುತ್ತಿದ್ದರು. ತವರು ಘೋಣಸಗಿ. ಓದಿದ್ದು ನಾಲ್ಕನೆಯ ಇಯತ್ತೆ. ಮಾಲಕರಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರಿಗೂ ಅವರು ಮಾವಶಿ, ಅಂದರೆ ಚಿಕ್ಕಮ್ಮ, ಹಾಗಾಗಿ ನನಗೂ ಮಾವಶಿಯಾದರು. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಹಾಗಾಗಿ ಅವರಿಗೆ ‘ಅಕ್ಕೋರು’.

ನನ್ನ ವೃತ್ತಿ ಗಣಿತ, ಮನೆ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ, ಹವ್ಯಾಸ ಹೆದರುವುದು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮರಳಿ ಹೋಗಿ ನೋಡಿದವಳು ನಾನು. ಇಂಥವಳು ನಲವತ್ತಾರನೆಯ ವಯಸ್ಸಿನಲ್ಲಿ ಕಾದಂಬರಿ ಬರೆದು, ತಾನೇ ಅಚ್ಚು ಹಾಕಿಸಿಕೊಳ್ಳಲು ಹೊರಟಳು. ಬರೆಯುವವಳು ನಾನು, ಕರಡು ತಿದ್ದುವವಳು ನಾನು, ಪೊಟ್ಟಣ ಕಟ್ಟಿ ಅಂಚೆಗೆ ಹಾಕುವವಳೂ ನಾನೇ. ಪ್ರಕಾಶಕಿ ನಾನು, ಆ ಪ್ರಕಾಶಕಿಗೆ ಹೆದರಿ ನಡುಗುವ ಲೇಖಕಿಯೂ ನಾನು.

ಮೊದಲ ಪುಸ್ತಕದ ಹಿಂಬದಿಯಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಖಾಲಿ ಬಿಡುವುದು ಬೇಡವೆಂದು ‘ನಮ್ಮ ಮುಂದಿನ ಪ್ರಕಟಣೆಗಳು’ ಎಂದು ಬರೆದು ಮೂರು ಕಾದಂಬರಿಗಳ ಹೆಸರು ಹಾಕಿಸಿದೆ. ಒಂದು ಯುಗಾದಿಗೆ, ಒಂದು ಗಣೇಶ ಚೌತಿಗೆ, ಇನ್ನೊಂದು ದೀಪಾವಳಿಗೆ. ಆ ಮೂರರಲ್ಲಿ ಒಂದರದ್ದೂ ಒಂದು ಸಾಲು ಬರೆದಿರಲಿಲ್ಲ. ‘ನಮ್ಮ’ ಎಂದಿದ್ದೆನಲ್ಲ, ಆ ನಾವು ಯಾರು ಎಂದು ನನಗಿನ್ನೂ ತಿಳಿದಿಲ್ಲ. ಆಮೇಲೆ ಶುರುವಾಯಿತು ಹೆದರಿಕೆ. ಕಪಾಟಿನ ಬಾಗಿಲ ಒಳಮೈಗೆ, ದಿನಕ್ಕೊಂದು ಮನೆ ಗೆರೆ ಎಳೆದ ಒಂದು ತಖ್ತೆ ಅಂಟಿಸಿದೆ. ದಿನಕ್ಕೆ ಇಷ್ಟು ಶಬ್ದ ಬರೆಯಬೇಕು. ಬರೆಯದಿದ್ದರೆ ಉಳಿದದ್ದನ್ನು ಕೆಂಪು ಪೆನ್ನಿನಲ್ಲಿ ಮರುದಿನದ ಮನೆಗೆ ಏರಿಸಬೇಕು. ಮೂರು ತಿಂಗಳಲ್ಲಿ ತಖ್ತೆ ಕೆಂಪಾಯಿತು. ಒಂದು ರವಿವಾರ ಕೂತು ಲೆಕ್ಕ ಹಾಕಿದೆ: ನನ್ನ ವೇಗಕ್ಕೆ ಆ ಯುಗಾದಿ ಬರುವುದು ನಾನು ನಿವೃತ್ತಳಾಗಿ ಎರಡು ವರ್ಷದ ಮೇಲೆ. ಯಜಮಾನರು ಅಂಗಿ ತೆಗೆಯಲು ಕಪಾಟು ತೆರೆದರೆ ಎದೆ ಡವಗುಟ್ಟುತ್ತದೆಂದು ಹೇಳಿ ತಮ್ಮ ಬಟ್ಟೆಗಳನ್ನೆಲ್ಲ ಬೇರೆ ಕಪಾಟಿಗೆ ಸಾಗಿಸಿದರು.

ಮಾವಶಿಯನ್ನು ಮೊದಲು ಕಂಡದ್ದು ಆ ಮೊದಲ ಪುಸ್ತಕದ ಹಾಳೆಗಳು ಬೈಂಡಿಂಗಿಗೆ ಬಂದ ದಿನ. ಪುಸ್ತಕದ ಹದಿನಾರು ಪುಟಗಳು ಒಂದೇ ದೊಡ್ಡ ಹಾಳೆಯ ಎರಡು ಮೈಗೆ ಅಚ್ಚಾಗುತ್ತವೆ. ಅದಕ್ಕೆ ಫಾರ್ಮು ಎನ್ನುತ್ತಾರೆ. ನನ್ನದು ಹನ್ನೆರಡು ಫಾರ್ಮಿನ ಪುಸ್ತಕ, ಐನೂರು ಪ್ರತಿ. ಬಾಗಿಲಲ್ಲಿ ನಿಂತೇ ಗುಣಿಸಿದೆ, ಆರು ಸಾವಿರ ಹಾಳೆ. ಮಡಚುವವರು ಒಬ್ಬರೇ ಹೆಂಗಸು. ಆದರೆ ಆ ರಾಶಿ ಕಣ್ಣಿಗೆ ಬೀಳುತ್ತಿರಲಿಲ್ಲ. ಅದರ ಮೇಲೆ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಹೊದಿಸಿದ್ದರು. ಮಾವಶಿ ಅದರಡಿ ಕೈ ಹಾಕಿ ಇಪ್ಪತ್ತೈದು ಹಾಳೆ ಎಳೆದು, ಬಟ್ಟೆಯನ್ನು ಮತ್ತೆ ಸರಿಪಡಿಸಿ, ಮಡಚಲು ಕೂಡುತ್ತಿದ್ದರು.

ಧೂಳಿಗೆ ಮುಚ್ಚಿದ್ದೇನು ಎಂದು ಕೇಳಿದೆ.

“ಧೂಳಿಗಲ್ರಿ ಅಕ್ಕೋರ. ಗುಡ್ಡಾ ನೋಡಕೋತ ಕುಂತ್ರ ಕೈ ಹೆದರ್ತಾವ.”

ಮನುಷ್ಯ ಹೆದರುವುದು ಎದೆಯಲ್ಲಿ ಎಂದೇ ನಾನು ತಿಳಿದಿದ್ದೆ. ಕೈಗಳು ತಾವಾಗಿಯೇ, ಒಡತಿಯನ್ನು ಕೇಳದೆ ಹೆದರಬಹುದೆಂದು ಆವತ್ತು ಗೊತ್ತಾಯಿತು. ಆಮೇಲೆ ನನ್ನ ಪೆನ್ನು ಹಿಡಿದ ಕೈಯನ್ನು ನೋಡಿ ಎಷ್ಟೋ ಸಲ ಹೌದೆನಿಸಿದೆ.

ಇನ್ನೊಂದು ರೂಢಿಯಿತ್ತು ಅವರಿಗೆ. ಇಪ್ಪತ್ತೈದು ಹಾಳೆ ಮಡಚಿ ಮುಗಿದರೆ ಸೀರೆಯ ಗಂಟಿನಿಂದ ಒಂದು ಶೇಂಗಾಬೀಜ ತೆಗೆದು ಪಕ್ಕದ ತಾಟಿನಲ್ಲಿ ಇಡುವುದು. ಅದೇ ಅವರ ಎಣಿಕೆ. ತಾಟಿನಲ್ಲಿ ಇಪ್ಪತ್ತು ಕಾಳಾದರೆ ಒಂದು ಫಾರ್ಮು ಮುಗಿಯಿತೆಂದು ಮಾಲಕರಿಗೆ ಹೇಳಿ, ಬೇರೆ ಕಾಳು ಶುರು ಮಾಡುವರು. ಸಂಜೆ ಬಸ್ಸಿನ ಹೊತ್ತಿಗೆ ತಾಟಿನಲ್ಲಿದ್ದ ಎಲ್ಲವನ್ನೂ ಬಾಯಿಗೆ ಹಾಕಿಕೊಂಡು ಏಳುವರು. ಒಂದು ದಿನ ಫಾರ್ಮು ಅರ್ಧಕ್ಕೇ ನಿಂತಿದ್ದಾಗ ಕೇಳಿದೆ, ಇವತ್ತು ಎಷ್ಟು ಉಳಿಯಿತೆಂದು ನಾಳೆ ಹೇಗೆ ಗೊತ್ತಾಗಬೇಕು ಮಾವಶಿ ಎಂದು.

“ಉಳದದ್ದು ಹಾಳ್ಯಾಗ ಇರತೈತಿ, ಎಲ್ಲಿ ಹೋಗತೈತಿ? ನಾ ತಿಂದದ್ದು ಮಾಡಿದ್ದರ ಲೆಕ್ಕಾ. ಇವತ್ತಿಂದ ಇವತ್ತ ತಿಂದ ಬಿಡಬೇಕ್ರಿ. ನಾಳಿಗಿ ಇಟ್ರ ಖವಟ ವಾಸನಿ ಬರತೈತಿ.”

ಕಪಾಟಿನ ಬಾಗಿಲಲ್ಲಿ ಮೂರು ತಿಂಗಳ ಖವಟು ಸಂಗ್ರಹಿಸಿಟ್ಟಿದ್ದ ನಾನು ಆ ಮಾತಿಗೆ ನಕ್ಕು ಮನೆಗೆ ಬಂದೆ. ತಖ್ತೆಯನ್ನು ಮಾತ್ರ ತೆಗೆಯಲಿಲ್ಲ. ತೆಗೆಯಲು ಹೆದರಿಕೆ.

ಮಾವಶಿ ನನ್ನ ಮೊದಲ ಓದುಗರೂ ಹೌದು. ಅದು ಲೋಕದಲ್ಲಿ ಬೇರಾವ ಲೇಖಕರಿಗೂ ಸಿಕ್ಕಿರಲಾರದಂಥ ಓದು. ಹಾಳೆ ಮಡಚುವಾಗ ಮೊದಲ ಮಡಿಕೆಯಲ್ಲೇ ಅರ್ಧ ಪುಟಗಳು ಒಳಗೆ ಮುಚ್ಚಿಹೋಗುತ್ತವೆ, ಇನ್ನು ಕೆಲವು ತಲೆಕೆಳಗಾಗಿರುತ್ತವೆ. ಕೊನೆಗೆ ಕಣ್ಣಿಗೆ ನೆಟ್ಟಗೆ ಸಿಗುವುದು ಹದಿನಾರರಲ್ಲಿ ನಾಲ್ಕೇ ಪುಟ: ಮೊದಲನೆಯದು, ಕೊನೆಯದು, ಮತ್ತು ನಟ್ಟನಡುವಿನ ಎರಡು. ಆದರೆ ಆ ನಾಲ್ಕನ್ನು ಅವರು ಐನೂರು ಸಲ ನೋಡುತ್ತಿದ್ದರು. ಒಂದು ಹಾಳೆಗೆ ಒಂದು ಸಾಲಿನಂತೆ, ತುಟಿ ಅಲ್ಲಾಡಿಸುತ್ತ ಓದಿ, ಫಾರ್ಮು ಮುಗಿಯುವ ಹೊತ್ತಿಗೆ ಬಾಯಿಪಾಠ. ನನ್ನನ್ನು ಇಷ್ಟು ಕಡಿಮೆ ಓದಿದವರೂ ಇಲ್ಲ, ಇಷ್ಟು ಸಲ ಓದಿದವರೂ ಇಲ್ಲ. ಕಟ್ಟಿದ ಪುಸ್ತಕ ಕೊಡಲು ಹೋದರೆ ತಲೆಯಾಡಿಸಿದರು. ಸಾಲಾಗಿ ಓದಿದರೆ ನಡುವೆ ನಿದ್ದೆ ಬರುತ್ತದಂತೆ. ನಾಲ್ಕು ಪುಟ ಸಾಕು, ಉಳಿದದ್ದನ್ನು ತಾವೇ ತಿಳಿದುಕೊಳ್ಳುತ್ತಾರಂತೆ.

ಎರಡನೆಯ ಪುಸ್ತಕ ಹೇಗೋ ಏದುಸಿರು ಬಿಡುತ್ತ ಬಂತು, ಯುಗಾದಿಗೆ ಬರಬೇಕಾದದ್ದು ಮುಂದಿನ ವರ್ಷದ ಚೌತಿಗೆ. ಮೂರನೆಯದರಲ್ಲಿ ನಾನು ಜಾಣತನ ಮಾಡಿದೆ. ದೀಪಾವಳಿಯ ವಾರ ನಮ್ಮ ಹೈಸ್ಕೂಲಿನ ಸಭಾಂಗಣದಲ್ಲಿ ಬಿಡುಗಡೆ ಎಂದು ಹೆಡ್‌ಮಾಸ್ತರರಿಗೆ ತಾರೀಖು ಕೊಟ್ಟೆ, ಓದುಗರ ವಾಟ್ಸಾಪ್ ಗುಂಪಿಗೂ ಹಾಕಿದೆ. ಕಾದಂಬರಿ ಅರ್ಧವಾಗಿತ್ತು. ಬರೆದಷ್ಟನ್ನು ಒಂದೊಂದೇ ಫಾರ್ಮಾಗಿ ಅಚ್ಚಿಗೆ ಕೊಡುತ್ತ ಹೋದರೆ, ಹಿಂದೆ ನಾಯಿ ಬಿಟ್ಟುಕೊಂಡವರಂತೆ ಓಡಲೇಬೇಕಾಗುತ್ತದೆ ಎಂದು ನನ್ನ ಎಣಿಕೆ. ನಾಯಿ ಚೆನ್ನಾಗಿಯೇ ಓಡಿತು. ತಿಂಗಳೊಪ್ಪತ್ತಿನಲ್ಲಿ ಏಳು ಫಾರ್ಮು ಅಚ್ಚಾಗಿ, ಮಾವಶಿಯ ಕೈಯಲ್ಲಿ ಮಡಿಕೆಯೂ ಆಗಿ, ಎಂಟನೆಯದು ಬಟ್ಟೆಯಡಿ ಬಂದು ಕೂತಿತ್ತು. ಕಥೆ ಹೇಗೆ ಮುಗಿಯುತ್ತದೆಂದು ನನಗೇ ಗೊತ್ತಿರಲಿಲ್ಲ. ನಿದ್ದೆ ಹೋಗಿತ್ತು. ಹತ್ತನೆಯ ತರಗತಿಯ ಹಲಗೆಯ ಮೇಲೆ ಪ್ರಮೇಯ ಬರೆಯುತ್ತ ಬರೆಯುತ್ತ ನಾಯಕಿಯ ಹೆಸರು ಬರೆದದ್ದೂ ಆಯಿತು.

ಆ ನಾಯಕಿ ಒಬ್ಬ ಮುದುಕಿ. ಮಗನೊಂದಿಗೆ ಮಾತಿಗೆ ಮಾತು ಬೆಳೆದು ಮನೆ ಬಿಡುತ್ತಾಳೆ. ಡೋಣಿ ಹೊಳೆಯ ದಂಡೆಯಲ್ಲಿ ಚಪ್ಪಲಿ ಕಳಚಿ ನೀರಿಗೆ ಬಿಟ್ಟು, ಮಗ ಬಂದು ಕರೆಯುವ ತನಕ ಬರಿಗಾಲು ಎಂದು ಆಣೆ ಮಾಡುತ್ತಾಳೆ. ಅದು ಮೂವತ್ತೆರಡನೆಯ ಪುಟ, ಎರಡನೆಯ ಫಾರ್ಮಿನ ಕೊನೆ. ಅಂದರೆ ಮಾವಶಿಗೆ ಸಿಗುವ ಪುಟ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಅಂಗಡಿಗೆ ಹೋದಾಗ ಮಾವಶಿ ಕೈ ಕಟ್ಟಿ ಕೂತಿದ್ದರು. ತಾಟಿನಲ್ಲಿ ಒಂದು ಕಾಳೂ ಇರಲಿಲ್ಲ. ಎಂಟನೆಯ ಫಾರ್ಮಿನ ಮೊದಲ ಪುಟ, ನೂರಾಹದಿಮೂರು, ಎದುರಿಗಿತ್ತು.

“ಅಕ್ಕೋರ, ಇಲ್ಲಿ ಮುದುಕಿ ಬಾಗಲದಾಗ ಚಪ್ಪಲ್ ಕಳದು ಒಳಗ ಹೋಗ್ಯಾಳ. ಎಲ್ಲೀವು ಚಪ್ಪಲ್?”

ಓಡುವ ಭರದಲ್ಲಿ ಬರೆದ ಸಾಲು ಅದು. ಮುದುಕಿಯ ಬರಿಗಾಲು ನನಗೆ ಮರೆತೇಹೋಗಿತ್ತು. ಕಾದಂಬರಿಯ ಹೆಸರಲ್ಲೇ ಬರಿಗಾಲಿದೆ, ಅದನ್ನು ಬರೆದವಳಿಗೆ ನೆನಪಿಲ್ಲ.

ಇಲ್ಲಿ ನಾನೊಂದು ಸುಳ್ಳು ಹೇಳಿದೆ. ಮಗ ಬಂದು ಕರೆದು ಹೊಸ ಚಪ್ಪಲಿ ಕೊಟ್ಟದ್ದನ್ನು ಮುಂದಿನ ಒಳಪುಟದಲ್ಲಿ ಮುದುಕಿ ನೆನೆಯುತ್ತಾಳೆ ಮಾವಶಿ, ನಿಮಗೆ ಕಂಡಿಲ್ಲ ಅಷ್ಟೇ, ಎಂದೆ. ಅವರಿಗೆ ಒಳಪುಟ ಕಾಣುವುದಿಲ್ಲವೆಂಬ ಧೈರ್ಯದ ಮೇಲೆ ಹೇಳಿದ ಸುಳ್ಳು. ಮಾವಶಿ ನನ್ನ ಮುಖವನ್ನು ನೋಡಿದರು. “ಹಂಗಾದ್ರ ಛಲೋ ಆತು,” ಎಂದರು. ಆಮೇಲೆ ಗಂಟು ಬಿಚ್ಚಿ ನನ್ನ ಕೈಗೊಂದು ಶೇಂಗಾಬೀಜ ಇಟ್ಟರು.

ಸೋಮವಾರ ಮಧ್ಯಾಹ್ನ ಬೈಂಡಿಂಗ್ ಮಾಲಕರ ಫೋನು. ಮಾವಶಿ ಬಂದಿಲ್ಲ, ಜ್ವರ ಎಂದು ಹೇಳಿ ಕಳಿಸಿದ್ದಾರೆ, ಎಂಟನೆಯ ಫಾರ್ಮು ಹಾಗೇ ಬಿದ್ದಿದೆ, ಇಷ್ಟು ವರ್ಷದಲ್ಲಿ ಅವರು ಹೀಗೆ ತಪ್ಪಿಸಿದ್ದೇ ಇಲ್ಲ. ಬಿಡುಗಡೆಗೆ ಇನ್ನು ಹನ್ನೊಂದು ದಿನ. ಅರ್ಧ ದಿನದ ರಜೆ ಗೀಚಿ ಕೊಟ್ಟು ವಿಜಯಪುರಕ್ಕೆ ಒಂದು ಬಸ್ಸು, ಅಲ್ಲಿಂದ ತಿಕೋಟಾಕ್ಕೆ ಇನ್ನೊಂದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೆದರಿದೆ. ಮೊದಲು ಮಾವಶಿಗೆ ಏನಾದರೂ ಆದರೆ ಎಂದು ಹೆದರಿದೆ. ನಂತರ ಮಡಚುವವರು ಯಾರು ಎಂದು ಹೆದರಿದೆ. ಆಮೇಲೆ, ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆ ಎಂದು ಕೇಳಿಕೊಂಡು, ಸಿಕ್ಕ ಉತ್ತರಕ್ಕೆ ಹೆದರಿದೆ.

ಮಾವಶಿ ಮನೆಯ ಕಟ್ಟೆಯ ಮೇಲೆ ಕೂತು ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದರು. ಯಾವ ಜ್ವರವೂ ಇರಲಿಲ್ಲ. ಸೊಸೆಗೆ ಹೇಳಿ ನನಗೆ ನೀರು ತರಿಸಿದರು. ನಂತರ ಒಳಗೆ ಹೋಗಿ, ಗೋಡೆಯ ಬುದ್ಧನ ಫೋಟೋದ ಕೆಳಗಿನ ಮಾಡದಿಂದ ಸುರುಳಿ ಸುತ್ತಿದ ಒಂದು ಹಾಳೆ ತಂದು ನನ್ನೆದುರು ಬಿಡಿಸಿದರು. ಎಂಟನೆಯ ಫಾರ್ಮು. ಒಳಮೈ ಮೇಲಾಗಿತ್ತು.

“ಒಳಗಿಂದೂ ಓದೇನ್ರಿ. ನಿನ್ನಿ ದಿನಾ ಪೂರ್ತಿ ಹಿಡೀತು. ಅದರಾಗ ಮಗಾನೂ ಬಂದಿಲ್ಲ, ಚಪ್ಪಲ್ಲೂ ಬಂದಿಲ್ಲ.”

ನಾನು ನೆಲ ನೋಡಿದೆ. ದಿನಾ ನಲವತ್ತು ಮಕ್ಕಳನ್ನು ಹಾಗೆ ನಿಲ್ಲಿಸುವವಳು.

“ಎರಡನೇ ಫಾರ್ಮು ನಾ ಮಡಚೇನಿ ಅಕ್ಕೋರ. ಐನೂರು ಸಲ ಅಕಿನ್ನ ಬರಿಗಾಲಲೆ ನಡಿಸೇನಿ. ಈಗ ನೀವು ಅಕಿ ಆಣಿ ಮುರದು ಕುಂದ್ರಿಸಿದ್ರ, ನಾ ಹೆಂಗ ಮಡಚಲಿ?”

ನಾನು ತಾರೀಖಿನ ಸುದ್ದಿ ತೆಗೆದೆ. ಹೆಡ್‌ಮಾಸ್ತರರು, ಅತಿಥಿಗಳು, ಗುಂಪಿನ ಓದುಗರು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು, ಅದನ್ನು ದ್ರಾಕ್ಷಿಯ ಧೂಳಿನ ಲೆಕ್ಕಕ್ಕೆ ಹಾಕಿದೆ. ಮಾವಶಿ ಕಡ್ಡಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ತಾರೀಖ ಯಾರ ಕೊಟ್ರಿ?”

“ನಾನ ಕೊಟ್ಟೆ.”

“ಹೆಡ್‌ಮಾಸ್ತರ್ ಅಲ್ಲ? ಪ್ರೆಸ್ಸಿನವರಲ್ಲ?”

“ಅಲ್ಲ. ನಾನ.”

“ಹಂಗಾದ್ರ ತಿರುಗಿ ತಗೊಳ್ಳಾಕೂ ನೀವ ಬೇಕಲ್ರಿ. ಬ್ಯಾರೆದವರು ಕೊಟ್ಟಿದ್ರ ಕಾಲ ಹಿಡೀಬೇಕಿತ್ತು. ನಿಮ್ಮ ಕಾಲ ನೀವ ಹಿಡಕೊಂಡು ಅಳಾಕತ್ತೀರಿ.”

ಸೊಸೆ ಬಾಗಿಲ ಹಿಂದೆ ನಕ್ಕದ್ದು ಕೇಳಿಸಿತು. ನನಗೂ ಅಳುವಿನ ನಡುವೆ ನಗು ಬಂತು.

ಜ್ವರದ ಸುಳ್ಳು ಯಾಕೆ ಎಂದು ಕೇಳಿದ್ದಕ್ಕೆ, ಮಡಚದ ಹಾಳೆ ಇನ್ನೂ ಬರೀ ಹಾಳೆ, ಒಮ್ಮೆ ಗೆರೆ ಬಿದ್ದರೆ ಅದು ಪುಸ್ತಕ ಎಂದರು. ತಾವು ಹೋದರೆ ಮಾಲಕರು ಮಡಚು ಎನ್ನುತ್ತಾರೆ, ಅವರ ಮಾತು ಮೀರುವಂತಿಲ್ಲ. ಹೋಗದಿದ್ದರೆ ನನಗೆ ಎರಡು ದಿನ ಸಿಗುತ್ತದೆ. ಇಷ್ಟನ್ನು ಅವರು ನನ್ನನ್ನು ಕೇಳದೆ, ತಮ್ಮ ಎರಡು ದಿನದ ಕೆಲಸ ಬಿಟ್ಟು, ನನಗಾಗಿ ಯೋಚಿಸಿದ್ದರು. ಆ ಎರಡು ದಿನಗಳ ಪಗಾರದ ಮಾತನ್ನು ನಾನು ಆವತ್ತು ಎತ್ತಲಿಲ್ಲ, ಆಮೇಲೂ ಎತ್ತಲಾಗಲಿಲ್ಲ. ಮಾಲಕರಿಗೆ ಆ ಜ್ವರ ಇಂದಿಗೂ ಜ್ವರವೇ.

ಸಂಜೆ ಗುಂಪಿಗೆ ಕ್ಷಮೆ ಕೇಳುವ ಸಂದೇಶ ಬರೆದೆ, ಅಳಿಸಿದೆ, ಬರೆದೆ. ಕಳಿಸಿ ಫೋನನ್ನು ದಿಂಬಿನಡಿ ಇಟ್ಟು, ಬೈಗುಳ ಕೇಳಲು ಸಿದ್ಧಳಾಗಿ ಕೂತೆ. ತೆಗೆದು ನೋಡಿದರೆ ಆರು ಜನ ಹೆಬ್ಬೆರಳು ಎತ್ತಿದ್ದರು. ಒಬ್ಬರು “ಯಾವ ಪುಸ್ತಕ?” ಎಂದು ಕೇಳಿದ್ದರು. ಹೆಡ್‌ಮಾಸ್ತರರು ಸಭಾಂಗಣ ಉಳಿಯಿತೆಂದು ಖುಷಿಯಾಗಿ ಅಲ್ಲಿ ರಂಗೋಲಿ ಸ್ಪರ್ಧೆ ಇಟ್ಟರು. ಇಷ್ಟು ಕಡಿಮೆ ಜನ ಕಾಯುತ್ತಿದ್ದಾರೆಂದು ಗೊತ್ತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಇಷ್ಟು ಕಡಿಮೆ ಜನ ಕಾಯುತ್ತಿದ್ದಾರಲ್ಲ ಎಂದು ಮರುದಿನದಿಂದ ಹೆದರಲು ಶುರು ಮಾಡಿದೆ.

ಪುಸ್ತಕ ಹೊರಬಂದದ್ದು ಹೋಳಿಯ ಹೊತ್ತಿಗೆ. ಹೊಸ ನೂರಾಹದಿಮೂರನೆಯ ಪುಟದಲ್ಲಿ ಮುದುಕಿಯ ಒಡೆದ ಹಿಮ್ಮಡಿಗೆ ಆ ಮನೆಯವಳು ಬಿಸಿನೀರು ಹಾಕುತ್ತಾಳೆ. ಆ ಹಾಳೆ ಮೊದಲ ಸಲ ಕೈಗೆ ಬಂದಾಗ ಮಾವಶಿಯ ಉಗುರಿನ ಮಿಂಚು ಸ್ವಲ್ಪ ಹೊತ್ತು ನಿಂತಿತ್ತು.

ತಖ್ತೆಯನ್ನು ಕಿತ್ತೆ. ಯಜಮಾನರ ಅಂಗಿಗಳು ಮೊದಲಿನ ಕಪಾಟಿಗೆ ಬಂದವು. ಈಗ ಬರೆಯುವ ಮೇಜಿನ ಮೇಲೆ ಶೇಂಗಾ ತಾಟು ಇರುತ್ತದೆ. ಹೆದರಿಕೆ ಹೋಯಿತೆಂದರೆ ಅದು ಎರಡನೆಯ ಸುಳ್ಳಾಗುತ್ತದೆ. ಅದು ಬಟ್ಟೆಯ ಕೆಳಗಿದೆ.

ನಾಲ್ಕನೆಯ ಕಾದಂಬರಿಗೆ ಯಾವ ಹಬ್ಬದ ಹೆಸರೂ ಹೇಳಲಿಲ್ಲ. ಹದಿನಾರು ಪುಟ ಬರೆದಾದ ಮೇಲೆ ಮನೆಯಲ್ಲೇ ಮುದ್ರಿಸಿ, ಶಾಲೆಯಿಂದ ತಂದ ಚಾರ್ಟ್ ಪೇಪರಿನ ಎರಡೂ ಮೈಗೆ ಫಾರ್ಮಿನ ಕ್ರಮದಲ್ಲಿ, ಅರ್ಧದಷ್ಟು ಪುಟಗಳನ್ನು ತಲೆಕೆಳಗಾಗಿ ಅಂಟಿಸುತ್ತಿದ್ದೆ. ಮಾವಶಿ ಅದನ್ನು ಮಡಚಿ ತಮ್ಮ ನಾಲ್ಕು ಪುಟ ಓದುವರು. ದಪ್ಪ ಕಾಗದ, ಆದರೂ ಆ ಉಗುರಿನಡಿ ಮೆತ್ತಗಾಗುತ್ತಿತ್ತು. ಎರಡು ಫಾರ್ಮು ಅಂಗಡಿಯಲ್ಲೇ ಓದಿದರು. ಮೂರನೆಯದರ ಹೊತ್ತಿಗೆ ಅವರಿಗೆ ಎರಡು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಹೃದಯದ ತೊಂದರೆ ಎಂದರು ಡಾಕ್ಟರು. ಅಂಗಡಿಗೆ ಮಡಚುವ ಯಂತ್ರ ಬಂತು. ಶನಿವಾರ ಮಧ್ಯಾಹ್ನ ನಾನೇ ಚಾರ್ಟ್ ಪೇಪರ್ ಸುರುಳಿ ಹಿಡಿದು ತಿಕೋಟಾಕ್ಕೆ ಹೋದೆ.

ಮೂರನೆಯ ಫಾರ್ಮಿನ ಕೊನೆಯಲ್ಲಿ, ನಲವತ್ತೆಂಟನೆಯ ಪುಟದಲ್ಲಿ, ಒಬ್ಬ ಹುಡುಗಿ ಬಿದ್ದ ಕೊಡ ತೆಗೆಯಲು ಹಾಳುಬಾವಿಗೆ ಇಳಿಯುತ್ತಾಳೆ. ಅರ್ಧಕ್ಕೆ ಮೆಟ್ಟಿಲು ಕುಸಿಯುತ್ತದೆ. ಮಾವಶಿ ಗೋಡೆಗೊರಗಿ ಕೂತು, ತಡೆದು ತಡೆದು ಓದಿ ಮುಗಿಸಿದರು.

“ಅಕಿ ಹೊರಗ ಬರತಾಳೇನ್ರಿ?”

“ಇನ್ನೂ ಬರದಿಲ್ಲ ಮಾವಶಿ. ಗೊತ್ತಿಲ್ಲ ನನಗ.”

“ಈ ಸಲ ಖರೇ ಹೇಳಿದ್ರಿ,” ಎಂದು ನಕ್ಕರು. ನಕ್ಕದ್ದಕ್ಕೇ ಉಸಿರು ಏರಿತು, ಅದು ಇಳಿಯುವ ತನಕ ನಾನು ಅವರ ಕೈ ಹಿಡಿದು ಕೂತಿದ್ದೆ. ಆಮೇಲೆ ಹೇಳಿದರು: “ಅವಸರ ಮಾಡಬ್ಯಾಡ್ರಿ. ಆದ್ರ ಅಕಿನ್ನ ಬಾವ್ಯಾಗ ಭಾಳ ದಿನಾ ಬಿಡಬ್ಯಾಡ್ರಿ, ಅಕ್ಕೋರ. ಹೆದರತೈತಿ ಕೂಸು.”

ಅದಾದ ಮಂಗಳವಾರ ಸೊಸೆಯ ಫೋನು ಬಂತು. ನಾನು ಬಬಲೇಶ್ವರದಲ್ಲಿ ಪರೀಕ್ಷಾ ಕೋಣೆಯಲ್ಲಿದ್ದೆ. ತಿಕೋಟಾ ಮುಟ್ಟುವ ಹೊತ್ತಿಗೆ ಅವರನ್ನು ಕಟ್ಟೆಯ ಮೇಲೆ ಮಲಗಿಸಿದ್ದರು. ಕೈಗಳು ಎದೆಯ ಮೇಲಿದ್ದವು, ಆ ಉಗುರಿನ ಮೇಲೆ ಬಿಸಿಲು ಬಿದ್ದಿತ್ತು.

ಆಮೇಲೆ ನಾಲ್ಕು ತಿಂಗಳು ನಾನು ಬರೆಯಲಿಲ್ಲ. ಯಾರೂ ತಾರೀಖು ಕೇಳಲಿಲ್ಲ, ನಾನೂ ಕೊಟ್ಟಿರಲಿಲ್ಲ, ಆದರೂ ನನ್ನ ಬದುಕಿನಲ್ಲಿ ಅಷ್ಟು ಹೆದರಿದ್ದಿಲ್ಲ. ಅನ್ನಕ್ಕೆ ಇಟ್ಟಾಗ, ಹಲಗೆ ಒರೆಸುವಾಗ, ಬಸ್ಸಿನ ಕಿಟಕಿಗೆ ತಲೆ ಇಟ್ಟಾಗ, ಆ ಹುಡುಗಿ ಬಾವಿಯಲ್ಲಿದ್ದಾಳೆ ಎಂದು ನೆನಪಾಗುತ್ತಿತ್ತು. ಅವಳನ್ನು ಎತ್ತಲು ಹೋಗಿ ನನ್ನ ಕೈ ತಪ್ಪಿದರೆ? ಎತ್ತಿದರೂ ಅದನ್ನು ತಿಳಿಯಬೇಕಾದವರೇ ಇಲ್ಲವಲ್ಲ?

ಒಂದು ರವಿವಾರ ಬೆಳಿಗ್ಗೆ ಮೇಜಿನ ಮೇಲಿನದನ್ನೆಲ್ಲ ಹಳೆಯ ಸೀರೆಯಿಂದ ಮುಚ್ಚಿ, ಒಂದು ಪುಟದಷ್ಟು ಜಾಗ ಬಿಟ್ಟು ಕೂತೆ. ಮಳೆಗಾಲ ಮುಗಿಯುವ ಹೊತ್ತಿಗೆ ಹದಿನಾರು ಪುಟವಾದವು. ಅವನ್ನು ನಾಲ್ಕನೆಯ ಫಾರ್ಮಿಗೆ ಹೊಂದಿಸಿ ನೋಡಿದರೆ ಹುಡುಗಿ ಹೊರಬರುವ ಭಾಗ ಐವತ್ತೊಂಬತ್ತನೆಯ ಪುಟಕ್ಕೆ ಬಿದ್ದಿತ್ತು. ಅದು ಒಳಪುಟ, ಮಡಚಿದರೆ ಕಾಣುವುದಿಲ್ಲ. ಅದನ್ನು ನಟ್ಟನಡುವಿನ ಪುಟಗಳಿಗೆ ತರಲು ಎರಡು ದಿನ ಕೂತು ಸಾಲುಗಳನ್ನು ಕೂಡಿಸಿ ಕಳೆದೆ. ಗಣಿತ ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ನಂತರ ಚಾರ್ಟ್ ಪೇಪರಿಗೆ ಅಂಟಿಸಿ, ನೆಲದ ಮೇಲೆ ಹಾಸಿ, ನನ್ನ ಹೆಬ್ಬೆರಳಿನಿಂದ ಮೂರು ಸಲ ಮಡಚಿದೆ. ಗೆರೆ ಸೊಟ್ಟಗೆ ಬಂತು, ಉಗುರು ಉರಿಯಿತು. ನಡುವೆ ಬಿಡಿಸಿದೆ. ಐವತ್ತಾರನೆಯ ಪುಟದ ಕೊನೆಯ ಸಾಲಿನಲ್ಲಿ ಹುಡುಗಿಯ ಕೈ ಬಾವಿಯ ಕಟ್ಟೆ ಹಿಡಿದಿತ್ತು. ಐವತ್ತೇಳರಲ್ಲಿ ಅವಳು ಕಟ್ಟೆಯ ಮೇಲೆ ಕೂತು, ತಲೆಗೂದಲಿನ ನೀರು ಹಿಂಡುತ್ತಿದ್ದಳು.

ತಾಟಿನಲ್ಲಿ ಒಂದು ಕಾಳಿಟ್ಟೆ. ಸಂಜೆ ಅದನ್ನು ತಿಂದು ಎದ್ದೆ.